ಒದ್ದೆ ಸಾಕ್ಸು

ಮೊನ್ನೆ ಕಾರಿನ ಕ್ಲಚ್ ಒತ್ತಿ ಕಾಲು ಕೆಳಗಿಟ್ಟೆ. ಸಾಕ್ಸು ಒದ್ದೆ. ಮಳೆ ನಿಂತು ಎರಡು ದಿನ ಆಗಿತ್ತು.

ಸಾಕ್ಸಲ್ಲೇ ಯಾಕೆ ಓಡಿಸ್ತೀರಿ ಅಂತ ಕೇಳಬೇಡಿ. ಪೆಡಲುಗಳು ಅಷ್ಟು ಒತ್ತೊತ್ತಾಗಿವೆ. ನನ್ನ ಅಗಲದ ಶೂ ಹಾಕಿಕೊಂಡರೆ ಬ್ರೇಕಿನ ಜೊತೆ ಆಕ್ಸಿಲರೇಟರೂ ಒತ್ತಿಹೋಗುತ್ತದೆ. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅಂದರೆ ಹೀಗೇ. ‘ಸಾಮಾನೆಲ್ಲಾ ಎಲ್ಲಿಡ್ತೀರಿ?’ ಅಂತಲೂ ಕೇಳಬೇಡಿ. ಇದುವರೆಗೆ ಹಾಗೆ ಕೇಳಿದವರನ್ನು ಯಾರನ್ನೂ ನಾನು ಕೂರಿಸಿಕೊಂಡು ಹೋಗಿಲ್ಲ.

ಕೊಳ್ಳುವಾಗ ಮಾರುವವರು ‘ಟೈರ್ ಹೊಸದಿದ್ದ ಹಾಗೇ ಇದೆ’ ಅಂದಿದ್ದರು. ಗೆರೆಗಳು ನಿಜಕ್ಕೂ ಸವೆದಿರಲಿಲ್ಲ. ಪಕ್ಕದಲ್ಲಿ ಒತ್ತಿದ್ದ ನಾಲ್ಕಂಕಿ ಮನೆಗೆ ಬಂದ ಮೇಲೆ ಓದಿದೆ: 1109. ಅಂದರೆ ತಯಾರಾದದ್ದು 2009ರ ಹನ್ನೊಂದನೇ ವಾರ. ಇಂಥ ಕಾರುಗಳು ಓಡುವುದಕ್ಕಿಂತ ನಿಂತಿದ್ದೇ ಜಾಸ್ತಿ. ಟೈರು ಸವೆಯುವುದಿಲ್ಲ, ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಾಲ್ಕೂ ಬದಲಾಯಿಸಿದೆ. ‘ಸಣ್ಣಪುಟ್ಟ ಕೆಲಸ ಇದೆ ಅಷ್ಟೇ’ ಅಂತಲೂ ಅಂದಿದ್ದರು. ಆ ಅಷ್ಟೇ ಇನ್ನೂ ಮುಗಿದಿಲ್ಲ.

ಸರಿ, ನೀರು. ಬಟ್ಟೆ ಛಾವಣಿಯ ಕಾರಿನಲ್ಲಿ ಮಳೆನೀರು ಸೀಟಿನ ಹಿಂದಿರುವ ಎರಡು ತೂತುಗಳಿಂದ ಕೆಳಗಿಳಿದು ಹೋಗಬೇಕು. ಅಲ್ಲಿ ತರಗೆಲೆ ಕಟ್ಟಿಕೊಂಡರೆ ಒಳಗೆ ನುಗ್ಗುತ್ತದೆ, ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ದಪ್ಪ ನೈಲಾನ್ ದಾರ ತೂರಿಸಿ ಚುಚ್ಚಿದೆ. ಗೊಬ್ಬರವೇ ಆಗಿಹೋಗಿದ್ದ ಎಲೆ ಹೊರಬಂತು. ಗೆದ್ದೆ ಅಂದುಕೊಂಡೆ. ಮರುದಿನ ಸಾಕ್ಸು ಮತ್ತೆ ಒದ್ದೆ.

ಆಮೇಲೆ ಸಂದಿಗೊಂದಿಗೆಲ್ಲಾ ಟಾಲ್ಕಂ ಪೌಡರ್ ಉದುರಿಸಿದೆ. ನೀರು ಹರಿದರೆ ಗೆರೆ ಬೀಳುತ್ತದಲ್ಲ. ಹೆಂಡತಿಯನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಛಾವಣಿ ಮುಚ್ಚಿ, ಪೈಪು ಹಿಡಿದೆ.

‘ಬಂತಾ?’

‘ಇಲ್ಲ.’

ಗಾಜಿನ ಅಂಚಿಗೆ ಹಿಡಿದೆ. ‘ಈಗ?’

‘ಇಲ್ಲಾರೀ.’

ಬಾಗಿಲ ರಬ್ಬರಿಗೆ ಹಿಡಿದೆ. ಸ್ವಲ್ಪ ಹೊತ್ತು ಮೌನ. ‘ಬಂತು. ನನ್ನ ಕತ್ತಿನ ಮೇಲೆ.’ ಆದರೆ ಕತ್ತು ಬಲಗಡೆ ಇತ್ತು, ಒದ್ದೆ ಎಡಗಾಲಿನ ಕಡೆ. ಅಂದರೆ ಸೋರುವ ಜಾಗ ಒಂದಲ್ಲ, ಎರಡು! ಅವಳು ಪೌಡರ್ ಮೆತ್ತಿಕೊಂಡು ಇಳಿದು ಬಂದು, ಟಾರ್ಚನ್ನು ನನ್ನ ಕೈಗಿಟ್ಟು, ಏನೂ ಹೇಳದೆ ಒಳಗೆ ಹೋದಳು. ಏನಾದರೂ ಬೈದಿದ್ದರೆ ವಾಸಿಯಿತ್ತು.

ಕೊನೆಗೆ ಕಾರ್ಪೆಟ್ಟನ್ನೇ ಕಿತ್ತೆ. ಅದರಡಿಯ ಸ್ಪಂಜನ್ನು ಹಿಂಡಿದರೆ ಅರ್ಧ ಬಕೆಟ್ಟಿಗೂ ಮೇಲೆ ನೀರು ಬಂತು. ಹೊಟ್ಟೆ ಉರಿದದ್ದು ಆಗ. ಯಾಕೆಂದರೆ ಈ ಕಾರುಗಳ ಮಹಿಮೆಯೆಲ್ಲಾ ತೂಕದಲ್ಲಿದೆ. 1989ರಲ್ಲಿ ಬಂದ ಮೊದಲ ಮಾಜ್ಡಾ ಎಂಎಕ್ಸ್-5 ಸುಮಾರು 950 ಕಿಲೋ. 1996ರ ಲೋಟಸ್ ಎಲೀಸ್ ಇನ್ನೂ ಕಡಿಮೆ, 725ರ ಆಸುಪಾಸು. ಇವತ್ತು ಎರಡು ಟನ್ನಿನ ಗಾಡಿ ಮಾಡಿ ಅದಕ್ಕೂ ‘ಸ್ಪೋರ್ಟ್’ ಅಂತ ಬಿಲ್ಲೆ ಅಂಟಿಸುತ್ತಾರೆ, ನಾಚಿಕೆ ಇಲ್ಲದವರು. ನಾನೋ ಹಗುರ ಮಾಡುವ ಹುಚ್ಚಿನಲ್ಲಿ ಸ್ಟೆಪ್ನಿ, ಜಾಕ್ ಎಲ್ಲಾ ತೆಗೆದು ಮನೆಯಲ್ಲಿಟ್ಟಿದ್ದೆ. ಲೀಟರ್ ನೀರಿಗೆ ಒಂದು ಕಿಲೋ. ತೆಗೆದದ್ದರಲ್ಲಿ ಅರ್ಧ ಭಾರವನ್ನು ಮಳೆ ವಾಪಸ್ ತುಂಬಿಸಿತ್ತು. ನನ್ನ ಹೊಟ್ಟೆಯ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ಕಾರ್ಪೆಟ್ ಒಣಗಲು ನಾಲ್ಕು ದಿನ ಹಿಡಿಯಿತು. ಅಲ್ಲಿಯವರೆಗೆ ಬರೀ ತಗಡಿನ ಮೇಲೆ ಕಾಲಿಟ್ಟು ಓಡಿಸಿದೆ. ಕೆಳಗೆ ಒಂದೊಂದು ಕಲ್ಲು ಬಡಿದಾಗಲೂ ಟಣ್ ಅನ್ನುತ್ತಿತ್ತು. ಆದರೆ ತಿರುವು ಬಂದರೆ ಸ್ಟೀರಿಂಗ್ ಅಲ್ಲ, ಸುಮ್ನೆ ಸೊಂಟ ತಿರುಗಿಸಿದ ಹಾಗೆ. ಅಷ್ಟು ಹೊತ್ತು ನೀರೂ ನೆನಪಿರಲಿಲ್ಲ, ಪೈಪೂ ನೆನಪಿರಲಿಲ್ಲ.

ಎಡಗಡೆ ನೀರು ಎಲ್ಲಿಂದ ಬರುತ್ತದೆ ಅಂತ ಇನ್ನೂ ಗೊತ್ತಾಗಿಲ್ಲ. ಸ್ಟೆಪ್ನಿ ಇದ್ದ ಜಾಗದಲ್ಲಿ ಈಗ ಮೂರು ಜೊತೆ ಒಣ ಸಾಕ್ಸ್ ಇಟ್ಟಿದ್ದೇನೆ. ತೂಕ ಏನೂ ಆಗಲ್ಲ.