ಬೀಟ್ ಹಾಕಿ, ಅಂಕಿತ ಕತ್ತರಿಸಬೇಡಿ

ನಮ್ಮ ಕಲಬುರಗಿ ಕಡೆ ಈಗ ತತ್ವಪದಕ್ಕೂ ಬೀಟ್ ಬಂದಿದೆ. ಮೊಹರಂನ ರಿವಾಯತ್ ಪದಕ್ಕೂ ಬಂದಿದೆ, ತಾಂಡಾದ ಲಂಬಾಣಿ ಹಾಡಿಗೂ ಬಂದಿದೆ. ಹುಡುಗರು ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಮಿಕ್ಸ್ ಮಾಡುತ್ತಾರೆ, ಯೂಟ್ಯೂಬ್‌ಗೆ ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಹಾಡು ಮದುವೆ ಮೆರವಣಿಗೆಯ ಡಿಜೆಯಲ್ಲಿ ಕೇಳಿಸುತ್ತದೆ. ಹಿರಿಯರಲ್ಲಿ ಕೆಲವರಿಗೆ ಸಿಟ್ಟು. ಮಷಿನ್ ಬಂತು, ಪದ ಕೆಟ್ಟಿತು ಅನ್ನುತ್ತಾರೆ. ನನ್ನ ತಕರಾರು ಮಷಿನ್ ಮೇಲಿಲ್ಲ.

ಭಜನೆಯಲ್ಲಿ ನಾವು ಪ್ರೀತಿಯಿಂದ ಬಾರಿಸುವ ಪೇಟಿ ಎಲ್ಲಿಂದ ಬಂತು? ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅದರಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ, ಅದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ ಅಂತ ದೊಡ್ಡ ದೊಡ್ಡವರೇ ವಾದ ಮಾಡಿದರು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿಯೂ ಬಿಟ್ಟಿತು. ಹಳ್ಳಿಯ ಭಜನೆ ಮಂಡಳಿಯವರು ಅದಕ್ಕೆ ಕಿವಿಗೊಡಲಿಲ್ಲ. ಏಕತಾರಿ, ದಮ್ಮಡಿ, ತಾಳದ ಪಕ್ಕದಲ್ಲೇ ಪೇಟಿಯನ್ನೂ ಕೂರಿಸಿಕೊಂಡರು. ಇವತ್ತು ಅದು ಹೊರಗಿನದು ಅಂತ ಯಾರಿಗಾದರೂ ಅನ್ನಿಸುತ್ತದಾ?

ಮುಂಬೈಯ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರನ್ನು ಇಲ್ಲಿ ನೆನೆಯಲೇಬೇಕು. 1982ರಲ್ಲಿ ಅವರು ಹತ್ತು ರಾಗಗಳನ್ನು ಸಿಂಥಸೈಜರ್‌ನಲ್ಲಿ ನುಡಿಸಿ ಒಂದು ಎಲ್‌ಪಿ ಮಾಡಿದರು. ಕೆಳಗೆ ಡಿಸ್ಕೋ ಬೀಟ್. ಅವರು ಬಳಸಿದ ಯಂತ್ರಗಳಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಒಂದು. ಗಿಟಾರ್ ನುಡಿಸುವವರಿಗೆ ಜೊತೆಗೆ ಬೇಸ್ ಸಿಗಲಿ ಅಂತ ಮಾಡಿದ ಪುಟ್ಟ ಪೆಟ್ಟಿಗೆ ಅದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಅದಕ್ಕಿತ್ತು. ಪೇಟಿಗೆ ಬಾರದ ಆ ಜಾರಿಕೆ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಬಂತು! ಆಗ ಆ ರೆಕಾರ್ಡನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಹೊರದೇಶದ ಕೇಳುಗರು ಬೆರಗಾದರು. ಷಿಕಾಗೋದ ಹುಡುಗರು ಅದೇ ಪೆಟ್ಟಿಗೆಯಿಂದ ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಕಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಈ ಹಿರಿಯರು ಭೈರವ್ ರಾಗ ನುಡಿಸಿದ್ದರು. ಹಾಗಾಗಿ ಯಂತ್ರಕ್ಕೆ ರಾಗ ಬರೋದಿಲ್ಲ ಅಂತ ನನ್ನ ಮುಂದೆ ಯಾರೂ ಹೇಳಬೇಡಿ.

ನನ್ನನ್ನು ನಿದ್ದೆಗೆಡಿಸುವ ಕಥೆ ಬೇರೆಯದು. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಮಲೈಟಾ ಅಂತ ಒಂದು ದ್ವೀಪ. 1970ರ ಸುಮಾರಿಗೆ ಹ್ಯೂಗೊ ಝೆಂಪ್ ಎಂಬ ಸಂಗೀತ ಸಂಶೋಧಕರು ಅಲ್ಲಿಗೆ ಹೋಗಿ ಬೇಗು ಜನರ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಅದರಲ್ಲಿ ಅಫುನಕ್ವಾ ಎಂಬ ಹೆಂಗಸು ಹಾಡಿದ ಒಂದು ಜೋಗುಳ ಇತ್ತು. ತಂದೆ ತಾಯಿ ಇಲ್ಲದ ಮನೆಯಲ್ಲಿ ದೊಡ್ಡ ಮಗು ಚಿಕ್ಕದನ್ನು ಸಮಾಧಾನ ಮಾಡುವ ಹಾಡು. ಯುನೆಸ್ಕೋ ಸರಣಿಯಲ್ಲಿ ಅದು ಎಲ್‌ಪಿಯಾಗಿ ಬಂತು.

1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರಾನ್ಸಿನ ಜೋಡಿ ಆ ದನಿಯನ್ನು ತೆಗೆದುಕೊಂಡು ಸಿಂಥಸೈಜರ್, ಡ್ರಮ್ ಬೀಟ್ ಸೇರಿಸಿ ಹಾಡು ಮಾಡಿತು. ಜಗತ್ತೆಲ್ಲ ಕೇಳಿತು. ದೊಡ್ಡ ಕಂಪನಿಗಳ ಜಾಹೀರಾತಿಗೂ ಹೋಯಿತು. ಹಾಡು ಚೆನ್ನಾಗಿಲ್ಲವಾ? ಚೆನ್ನಾಗಿದೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಕುಣಿದು ಕೇಳಿದವರಿಗೆ ಅಫುನಕ್ವಾ ಯಾರೆಂದು ಗೊತ್ತಾಗಲಿಲ್ಲ. ಆ ಆಲ್ಬಂ ತುಂಬ ಮಧ್ಯ ಆಫ್ರಿಕಾದ ಕಾಡಿನ ಜನರ ಮಾತೇ ಇದ್ದುದರಿಂದ ಇದೂ ಅಲ್ಲಿಯದೇ ಅಂದುಕೊಂಡರು. ನಾರ್ವೆಯ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬಾರೆಕ್ 1996ರಲ್ಲಿ ಅದೇ ಧಾಟಿಯನ್ನು ನುಡಿಸಿದಾಗ, ಆಫ್ರಿಕಾದ ಕಾಡಿನ ಜನರ ಹೆಸರಲ್ಲಿ 'ಪಿಗ್ಮಿ ಜೋಗುಳ' ಅಂತಲೇ ಕರೆದರು. ಮೊದಲು ಹಾಡಿದವಳ ಹೆಸರು ಹೋಯಿತು. ಹಿಂದೆಯೇ ಅವಳ ಊರೂ ಹೋಯಿತು.

ತೈವಾನಿನ ಅಮಿಸ್ ಬುಡಕಟ್ಟಿನ ಹಿರಿಯ ದಂಪತಿಗೂ ಹೀಗೇ ಆಗಿತ್ತು. ಎನಿಗ್ಮಾ ಎಂಬ ಜರ್ಮನಿಯ ತಂಡ ಅವರ ದನಿ ಬಳಸಿತು, ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರಕ್ಕೂ ಆ ಹಾಡು ಹೋಯಿತು. ಅವರು ಕೋರ್ಟಿಗೆ ಹೋದ ಮೇಲೆ, 1999ರಲ್ಲಿ ರಾಜಿಯಾಗಿ ಹೆಸರು ಸಿಕ್ಕಿತು.

ಇದೆಲ್ಲ ದೂರದ ಕಥೆ ಅನ್ನಬೇಡಿ. ಜೇವರ್ಗಿ ಕಡೆಯ ಭಜನೆಯ ಅಕ್ಕ ಒಬ್ಬರು ನನಗೆ ಪರಿಚಯ. ಮಠದಲ್ಲಿ ಅಮಾವಾಸ್ಯೆ ರಾತ್ರಿ ಹಾಡುತ್ತಿದ್ದಾಗ ಯಾರೋ ಮೊಬೈಲ್‌ನಲ್ಲಿ ಹಿಡಿದಿದ್ದಾರೆ. ಅದಕ್ಕೆ ಬೀಟ್ ಹಾಕಿ ಬಿಟ್ಟಿದ್ದಾರೆ. ಅಕ್ಕ ಅದನ್ನು ಕೇಳಿದ್ದು ಸಂಬಂಧಿಕರ ಮದುವೆಯಲ್ಲಿ. ಬೇಜಾರಾಯ್ತಾ ಅಂತ ಕೇಳಿದೆ. "ಧ್ವನಿ ನಂದೇ ಅದ ತಮ್ಮಾ, ಛಲೋನೇ ಕೇಳಸ್ತದ. ಆದ್ರ ಪದಾ ಪೂರಾ ಆಗ್ಲೇ ಇಲ್ಲಲ್ಲ? ಮಡಿವಾಳಪ್ಪನ ಅಂಕಿತಾನೇ ಬರ್ಲಿಲ್ಲ" ಅಂದರು. ತನ್ನ ಹೆಸರಿನ ಮಾತೇ ಎತ್ತಲಿಲ್ಲ. ನನಗೆ ಗಂಟಲು ಕಟ್ಟಿತು.

ನೋಡಿ, ಕಡಕೋಳದ ಮಡಿವಾಳಪ್ಪ ಇರಲಿ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರಿರಲಿ, ಪದ ಕಟ್ಟಿದವರ ಗುರುತು ಪದದೊಳಗೇ ಇರುತ್ತದೆ. ಕೊನೆಯ ನುಡಿಯಲ್ಲಿ ಬರುತ್ತದೆ. ಪುಸ್ತಕ ಇಲ್ಲದೆ, ಬಾಯಿಂದ ಬಾಯಿಗೆ ದಾಟಿದರೂ ಆ ಅಂಕಿತ ಉಳಿದು ಬಂತು. ಅಕ್ಷರ ಬಾರದವರೂ ಅದನ್ನು ಬಿಟ್ಟು ಹಾಡಲಿಲ್ಲ. ಈಗ ಲೂಪ್ ಮಾಡುವವರು ಮಾಡುವುದೇನು? ಕಿವಿಗೆ ಹಿಡಿಸಿದ ಪಲ್ಲವಿಯ ಒಂದೆರಡು ಸಾಲು ಕತ್ತರಿಸಿ ಅದನ್ನೇ ಸುತ್ತಿಸುತ್ತಾರೆ. ಕೊನೆಯ ನುಡಿ ಬರುವುದೇ ಇಲ್ಲ. ಇನ್ನೂರು ವರ್ಷ ಜನ ಜೋಪಾನ ಮಾಡಿದ ಹೆಸರು ಒಂದು ಕತ್ತರಿಯಲ್ಲಿ ಬಿದ್ದುಹೋಗುತ್ತದೆ. ನನ್ನ ಸಂಕಟ ಇದು.

ಹಾಗಂತ ಲೂಪ್ ಮಾಡಲೇಬಾರದಾ? ಮಾಡಬಹುದು, ಹಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದು. ಬ್ರಿಟನ್ನಿನ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಅವರ ರಿಯಲ್ ವರ್ಲ್ಡ್ ಎಂಬ ರೆಕಾರ್ಡ್ ಕಂಪನಿಯಲ್ಲಿ 1990ರಲ್ಲಿ ಕವ್ವಾಲಿಯ ನುಸ್ರತ್ ಫತೇ ಅಲಿ ಖಾನ್ ಅವರೂ ಗಿಟಾರ್ ವಾದಕ ಮೈಕಲ್ ಬ್ರೂಕ್ ಅವರೂ ಸೇರಿ ಮಾಡಿದ ಆಲ್ಬಂ ಇದೆ. ಬ್ರೂಕ್ ಎಡಿಟ್ ಮಾಡುವಾಗ ಕೆಲವು ಕಡೆ ಸಾಲುಗಳು ಅರ್ಧಕ್ಕೇ ತುಂಡಾಗಿ ಅರ್ಥ ಕೆಟ್ಟಿತ್ತು. ನುಸ್ರತ್ ಒಪ್ಪಲಿಲ್ಲ. ಕತ್ತರಿಸಿದ್ದನ್ನು ಮತ್ತೆ ಸರಿ ಮಾಡಿದರು. ಆಮೇಲೆ ಮ್ಯಾಸಿವ್ ಅಟ್ಯಾಕ್ ಎಂಬ ಬ್ರಿಟನ್ನಿನ ತಂಡ ಮಾಡಿದ ರೀಮಿಕ್ಸ್ ಕ್ಲಬ್ಬುಗಳಲ್ಲಿ ಓಡಿತು, ಆದರೂ ಮುಖಪುಟದಲ್ಲಿ ಇದ್ದದ್ದು ನುಸ್ರತ್ ಹೆಸರೇ. ಬಂದೇ ನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲಿ ಕೇಳಿ ಬೆಳೆದ ನಮಗೆ ಆ ಹಟ ಅರ್ಥವಾಗುತ್ತದೆ, ಅಲ್ವಾ? ಸಾಲು ಮುರಿದರೆ ದುವಾ ಮುರಿದ ಹಾಗೆ.

ನಮ್ಮಲ್ಲಿ ಕಾನೂನೂ ಇದೆ. ಜನಪದ ಹಾಡು ಯಾರ ಸ್ವತ್ತೂ ಅಲ್ಲ, ನಿಜ. ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ. ಕಾಪಿರೈಟ್ ಕಾಯ್ದೆಯ 1994ರ ತಿದ್ದುಪಡಿ ಅದನ್ನು ತಂದಿತು. 2012ರ ತಿದ್ದುಪಡಿಯಲ್ಲಿ ವ್ಯಾಪಾರಕ್ಕೆ ಬಳಸಿದರೆ ಪಾಲು ಪಡೆಯುವ, ಹಾಡಿದವರು ನಾವೇ ಅಂತ ಹೇಳಿಕೊಳ್ಳುವ ಹಕ್ಕೂ ಸೇರಿತು. ಭಜನೆಯ ಅಕ್ಕಂದಿರಿಗೆ ಇದನ್ನು ಹೇಳಿದವರು ಎಷ್ಟು ಜನ?

ಮಿಕ್ಸ್ ಮಾಡುವ ತಮ್ಮಂದಿರೇ, ಹಾಡಿದವರ ಊರಿಗೆ ಹೋಗಿ. ಕೇಳಿ ಮಾಡಿ. ಪದ ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಲಯ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಮ್ಮ ಬೀಟೂ ನಿಲ್ಲಲಿ, ಅವರನ್ನು ಎಳೆದು ಬೀಟಿಗೆ ಕಟ್ಟಬೇಡಿ. ಬರುವ ದುಡ್ಡಿನಲ್ಲಿ ಪಾಲು ಕೊಡಿ. ವಿಡಿಯೊದಲ್ಲಿ ಹಾಡಿದವರ ಹೆಸರು, ಊರು ಮೊದಲ ಸಾಲಿನಲ್ಲೇ ಇರಲಿ.

ಬೀದರ್, ಯಾದಗಿರಿ, ಆಳಂದ, ಸುರಪುರ ಕಡೆಯವರಲ್ಲಿ ನನ್ನದೊಂದು ಕೇಳಿಕೆ. ಮನೆಯಲ್ಲಿ ಭಜನೆಯ, ರಿವಾಯತ್ ಪದದ ಹಳೇ ಕ್ಯಾಸೆಟ್ ಇದ್ದರೆ ಬಿಸಾಡಬೇಡಿ. ಮನೆಯ ಹಿರಿಯರನ್ನು ಕೇಳಿ, ಹಾಡಿದವರು ಯಾರು, ಯಾವ ಊರಿನವರು ಅಂತ ಡಬ್ಬಿಯ ಮೇಲೆ ಇವತ್ತೇ ಬರೆದಿಡಿ. ಪ್ಲೇಯರ್ ಇಲ್ಲ ಅನ್ನುವವರು ನನಗೆ ತಿಳಿಸಿ. ನನ್ನ ಹತ್ತಿರ ಇದೆ, ಅದನ್ನು ತೆಗೆದುಕೊಂಡು ನಾನೇ ಬರುತ್ತೇನೆ.