ಮೈಸೂರಿನ ಹಳೇ ಪೇಟೆಯಲ್ಲಿ ರೂಮ್ ಹಿಡಿಯುವ ಮುನ್ನ

ಮೈಸೂರಿಗೆ ಎರಡು ದಿನಕ್ಕೆ ಬರುವವರು ರಿಂಗ್ ರೋಡ್ ಬದಿಯ ಹೊಸ ಹೋಟೆಲ್‌ಗೆ ದುಡ್ಡು ಹಾಕಬೇಡಿ. ಅರಮನೆಗೆ ಹತ್ತಿರದ ಹಳೇ ಪೇಟೆಯಲ್ಲಿ, ಅಂದರೆ ಗಾಂಧಿ ಸ್ಕ್ವೇರ್, ಚಿಕ್ಕ ಗಡಿಯಾರ ಗೋಪುರ, ಧನ್ವಂತರಿ ರಸ್ತೆಯ ಸುತ್ತಮುತ್ತಲಿನ ಮಧ್ಯಮ ದರದ ಹೋಟೆಲೇ ಮೇಲು. ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪಗಳು ಹೊತ್ತಿ, ಮುಕ್ಕಾಲು ಗಂಟೆಯ ಬಳಿಕ ಆರಿದಾಗ ಸಾವಿರಾರು ಜನ ಒಟ್ಟಿಗೆ ಹೊರಬರುತ್ತಾರೆ. ಆಟೋ ಸಿಗುವುದಿಲ್ಲ, ಸಿಕ್ಕರೆ ಕೇಳಿದಷ್ಟು ಕೊಡಬೇಕು. ಪೇಟೆಯಲ್ಲಿ ಉಳಿದವರು ಮಾತಾಡಿಕೊಂಡು ನಡೆದೇ ರೂಮ್ ಸೇರುತ್ತಾರೆ.

ಆದರೆ ಇಲ್ಲಿ ಹೋಟೆಲ್‌ಗಿಂತ ರೂಮ್ ಮುಖ್ಯ. ಒಂದೇ ಕಟ್ಟಡದಲ್ಲಿ, ಒಂದೇ ಬಾಡಿಗೆಗೆ, ಒಂದು ಚೆಂದದ ರೂಮೂ ಇರುತ್ತದೆ, ನಿದ್ದೆ ಬಾರದ ರೂಮೂ ಇರುತ್ತದೆ. ಫೋನ್ ಮಾಡಿದಾಗ "ಎಸಿ ಇದೆಯಾ" ಎನ್ನುವುದಕ್ಕಿಂತ ಮೊದಲು "ಕಿಟಕಿ ಯಾವ ಕಡೆ ಇದೆ" ಎಂದು ಕೇಳಿ. ರಸ್ತೆ ಕಡೆಯದಾದರೆ ನಸುಕಿನಲ್ಲೇ ಮಾರುಕಟ್ಟೆಯ ಗಾಡಿಗಳ ಸದ್ದು. ಡಕ್ಟ್‌ಗೆ (ಪೈಪುಗಳು ಹಾಯುವ ಇಕ್ಕಟ್ಟಿನ ಸಂದಿಗೆ) ತೆರೆಯುವ ಕಿಟಕಿಯಾದರೆ ಅಕ್ಕಪಕ್ಕದ ಬಚ್ಚಲ ವಾಸನೆ, ಬೆಳಕೂ ಇಲ್ಲ. ಒಳ ಅಂಗಳದ ಕಡೆಗೆ ಮುಖಮಾಡಿದ ರೂಮ್ ಇದ್ದರೆ ಅದನ್ನೇ ಹಿಡಿಯಿರಿ.

ರೂಮ್ ನೋಡುವಾಗ ಹಾಸಿಗೆಗಿಂತ ಮೊದಲು ಗೋಡೆ ನೋಡಿ. ನೆಲದಿಂದ ಒಂದಡಿ ಮೇಲೆ ಬಣ್ಣ ಗುಳ್ಳೆ ಎದ್ದಿದೆಯೇ, ಬೆರಳಾಡಿಸಿದರೆ ಬಿಳಿ ಉಪ್ಪಿನ ಪುಡಿ ಅಂಟುತ್ತದೆಯೇ? ಬೀರುವಿನ ಬಾಗಿಲು ತೆಗೆದು ಮೂಸಿ. ಹಳೇ ಕಟ್ಟಡಗಳ ಗೋಡೆ ಸುಣ್ಣದ ಗಾರೆಯದು. ಹೀರಿದ ತೇವವನ್ನು ಅದು ನಿಧಾನವಾಗಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಉಳಿದು, ಕೊನೆಗೆ ಬಣ್ಣವನ್ನೇ ಎಬ್ಬಿಸುತ್ತದೆ. ಎಸಿಗೆಂದು ಕಿಟಕಿ ಮುಚ್ಚಿಟ್ಟ ರೂಮಿನಲ್ಲಿ ಇದು ಇನ್ನೂ ಜಾಸ್ತಿ. ಆಸ್ತಮಾ ಇರುವವರು, ಮಕ್ಕಳು ಜೊತೆಯಲ್ಲಿದ್ದರೆ ಆಷಾಢ, ಶ್ರಾವಣದಲ್ಲಿ ಅಂಥ ರೂಮ್ ಬೇಡವೇ ಬೇಡ. ಗೋಡೆಯನ್ನು ಗಾರೆಯಲ್ಲೇ ರಿಪೇರಿ ಮಾಡಿಸಿಕೊಂಡು ಬಂದ ಮಾಲೀಕರಿದ್ದರೆ ನೂರು ರೂಪಾಯಿ ಹೆಚ್ಚು ಕೊಟ್ಟಾದರೂ ಅಲ್ಲೇ ಉಳಿಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬಿಸಿನೀರಿನದು ಎಲ್ಲರ ದೂರು. "ಬೆಳಿಗ್ಗೆ 6ರಿಂದ 9" ಎಂದರೆ ಸಾಮಾನ್ಯವಾಗಿ ಸೋಲಾರ್ ಎಂದರ್ಥ. ಬಿಸಿನೀರು ಎಳೆದಷ್ಟೂ ಟ್ಯಾಂಕಿಗೆ ತಣ್ಣೀರು ಸೇರುತ್ತದೆ, ಹಾಗಾಗಿ ಎಂಟೂವರೆಗೆ ಎದ್ದವರಿಗೆ ಉಗುರುಬೆಚ್ಚಗಿನದಷ್ಟೇ. ಕೆಳಗಿನ ಮಹಡಿಯಲ್ಲಾದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ. ಅದನ್ನು ಬಕೆಟ್‌ಗೆ ಹಿಡಿದಿಟ್ಟು ಆಮೇಲೆ ಬೆರೆಸಿಕೊಳ್ಳಿ, ಚೆಲ್ಲಬೇಡಿ. ಮೋಡದ ದಿನಕ್ಕೆ ಗೀಸರ್ ಅಥವಾ ಟ್ಯಾಂಕಿನಲ್ಲಿ ನೀರು ಕಾಯಿಸುವ ಕರೆಂಟ್ ಕಾಯಿಲ್ ಇದೆಯೇ ಎಂದು ಕೇಳಿಕೊಳ್ಳಿ.

ಬಾಡಿಗೆಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. 2000ದ ರೂಮಿಗೆ ತೆರಿಗೆ 100 ರೂಪಾಯಿ. ಬಿಲ್‌ನಲ್ಲಿ ಹಳೆಯ ಶೇ 12 ಕಂಡರೆ ಅಲ್ಲೇ ಕೇಳಿ. ಚೆಕ್‌ಔಟ್ ಮಧ್ಯಾಹ್ನ 12ಕ್ಕೋ, ಬಂದ ಹೊತ್ತಿನಿಂದ 24 ಗಂಟೆಯೋ, ಇದೂ ಮೊದಲೇ ಗೊತ್ತಿರಲಿ. ಬೆಳಿಗ್ಗೆ 6ಕ್ಕೆ ರೈಲಿಳಿಯುವವರಿಗೆ ಇದರಲ್ಲೇ ಒಂದು ದಿನದ ಬಾಡಿಗೆಯ ವ್ಯತ್ಯಾಸ.

ಕಾರಿದ್ದರೆ "ಪಾರ್ಕಿಂಗ್ ಇದೆ" ಎಂಬ ಮಾತು ಸಾಲದು, ಎಷ್ಟು ಕಾರಿಗೆ ಜಾಗವಿದೆ ಎಂದು ಕೇಳಿ. ವಿಜಯದಶಮಿಯಂದು ಜಂಬೂಸವಾರಿ ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ ಹಾದು ಬನ್ನಿಮಂಟಪಕ್ಕೆ ಹೋಗುವುದರಿಂದ ಆ ದಿನ ಕಾರು ಹತ್ತಿರಕ್ಕೂ ಬಾರದು. ಹಿಂದಿನ ದಿನವೇ ಬಂದು ಸೇರಿಕೊಳ್ಳಿ.

ಇನ್ನೊಂದು. ಗಾಂಧಿ ಸ್ಕ್ವೇರ್ ಕಡೆಯಿಂದ ಕಾಣುವುದು ಅರಮನೆಯ ಉತ್ತರದ ಬಾಗಿಲು. ಹಗಲು ಟಿಕೆಟ್ ಕೊಟ್ಟು ಒಳಬಿಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಕೋಟೆ ಗೋಡೆ ಸುತ್ತಿ ಹೋಗಬೇಕು, ವಯಸ್ಸಾದವರಿದ್ದರೆ ಅಷ್ಟು ದೂರಕ್ಕೆ ಆಟೋ ಮಾಡಿ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ನೋಡಬೇಕೆಂದರೆ ಬೆಳಗಾಗುತ್ತಲೇ ಹೊರಡಬೇಕು. ಕೆಲವು ಹೋಟೆಲ್‌ಗಳಲ್ಲಿ ರಾತ್ರಿ ಶಟರ್ ಎಳೆದಿರುತ್ತಾರೆ. ಎಷ್ಟು ಗಂಟೆಗೆ ಹೊರಡುತ್ತೀರೆಂದು ಮಲಗುವ ಮುಂಚೆಯೇ ಕೌಂಟರ್‌ನವರಿಗೆ ಹೇಳಿಡಿ.