ಮುಖ್ಯ ಅತಿಥಿಗಳ ಪಟ್ಟಿ ಮುಗಿದ ಮೇಲೆ

ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಬರುವ ನೆಂಟರಿಗೆಲ್ಲ ಈ ಊರಿನ ಹಾಡುಗಾರರ ಗುಂಪು ಬೀಟಲ್ಸ್ ಬೇಕು. ಇಲ್ಲೇ ಇರುವ ನನಗೆ ಜಾಸ್ತಿ ಹಿಡಿಸಿದ್ದು ಅವರು ಹೆಸರು ಮಾಡೋಕೆ ಮುಂಚೆಯೇ ಅವರ ಬಗ್ಗೆ ಬರೆದ ಇಲ್ಲಿನ ಸಂಗೀತದ ಪೇಪರ್, 'ಮರ್ಸಿ ಬೀಟ್'. ಶುರು ಮಾಡಿದ್ದು ಬಿಲ್ ಹ್ಯಾರಿ ಅನ್ನೋ ಆರ್ಟ್ ಕಾಲೇಜು ಹುಡುಗ ಮತ್ತು ಅವನ ಗೆಳತಿ. ಬಂಡವಾಳ 50 ಪೌಂಡ್ ಸಾಲ. ರೆನ್‌ಶಾ ಬೀದಿಯಲ್ಲಿ ವೈನ್ ಅಂಗಡಿ ಮೇಲೊಂದು ಕೋಣೆ. 1961ರ ಜುಲೈ 6ರಂದು ಮೊದಲ ಸಂಚಿಕೆ, ಬೆಲೆ ಮೂರು ಪೆನ್ಸ್. ಅಚ್ಚು ಹಾಕಿಸಿದ 5000 ಪ್ರತಿಯೂ ಖಾಲಿ.

ಆಗ ಲಂಡನ್ನಿನ ಪತ್ರಿಕೆಗಳು ಈ ಊರಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಹಾಗಂತ ಇವರು ಕಾಯಲಿಲ್ಲ. ಯಾವ ಗುಂಪು ಎಲ್ಲಿ ನುಡಿಸುತ್ತೆ, ಯಾರು ಯಾರನ್ನು ಬಿಟ್ಟರು, ಎಲ್ಲ ಬರೆದರು. ಎರಡನೇ ಸಂಚಿಕೆಯ ಮುಖಪುಟದಲ್ಲಿ ಬೀಟಲ್ಸ್ ಸುದ್ದಿ. ಆ ಗುಂಪಿನ ಪಾಲ್ ಮೆಕಾರ್ಟ್ನಿ ಹೆಸರು ತಪ್ಪಾಗಿ ಅಚ್ಚಾಗಿತ್ತು, ಇರಲಿ. ರೆಕಾರ್ಡ್ ಅಂಗಡಿಯ ಬ್ರಯಾನ್ ಎಪ್‌ಸ್ಟೀನ್ ಆ ಸಂಚಿಕೆಯ 144 ಪ್ರತಿ ತರಿಸಿಕೊಂಡಿದ್ದ. ಮುಂದೆ ಬೀಟಲ್ಸ್ ಮ್ಯಾನೇಜರ್ ಆಗಿದ್ದೂ ಅವನೇ.

ಈಗ ನಮ್ಮ ಕರ್ನಾಟಕದ ಕಡೆ ನೋಡಿ. ಗಣೇಶನ ಹಬ್ಬಕ್ಕೆ ಬೀದಿಗೊಂದು ಆರ್ಕೆಸ್ಟ್ರಾ. ಮಾರನೇ ದಿನ ಪೇಪರ್ ತೆಗೆದರೆ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಇನಿಷಿಯಲ್ ಸಮೇತ. ಕೊನೆಗೆ ಒಂದೇ ಸಾಲು: 'ನಂತರ ರಸಮಂಜರಿ ಕಾರ್ಯಕ್ರಮ ನಡೆಯಿತು.' ಜನ ಬಂದಿದ್ದು ಯಾರನ್ನು ನೋಡೋಕೆ ಸ್ವಾಮಿ? ಕೀಬೋರ್ಡ್ ಹುಡುಗ ಯಾರು, ಯಾವ ಹಾಡಿಗೆ ಒನ್ಸ್ ಮೋರ್ ಬಿತ್ತು, ಒಂದಕ್ಷರ ಇಲ್ಲ.

ಅವರು ಹಾಡೋದು ಬೇರೆಯವರ ಸಿನಿಮಾ ಹಾಡು ತಾನೇ ಅಂತೀರಾ? 1961ರಲ್ಲಿ ಲಿವರ್‌ಪೂಲ್ ಹುಡುಗರು ಹಾಡುತ್ತಿದ್ದಿದ್ದೂ ಹೆಚ್ಚಾಗಿ ಅಮೆರಿಕದವರ ಹಾಡುಗಳನ್ನೇ. ಪೇಪರ್ ಅದನ್ನು ಕೀಳಾಗಿ ಕಾಣಲಿಲ್ಲ.

ನಮ್ಮಲ್ಲಿ ಕರಾವಳಿಯವರ ಮಾತು ಬೇರೆ. ಯಕ್ಷಗಾನ ಮೇಳಗಳ ತಿರುಗಾಟದ ದಿನಗಳಲ್ಲಿ ಯಾವ ಮೇಳದ ಆಟ ಇವತ್ತು ಎಲ್ಲಿ ಅಂತ ಅಲ್ಲಿನ ಪೇಪರಿನಲ್ಲಿ ಬರುತ್ತೆ. ಭಾಗವತರ ಪದ್ಯ ಹೇಗಿತ್ತು ಅಂತ ಬರೆಯೋರೂ ಇದ್ದಾರೆ. ಅಷ್ಟು ಮರ್ಯಾದೆ ಆರ್ಕೆಸ್ಟ್ರಾಗೂ ಸಿಗಬಾರದಾ?

ಮರ್ಸಿ ಬೀಟ್ ಯಾವ ಗುಂಪು ಇಷ್ಟ ಅಂತ ಓದುಗರ ಮತ ಕೇಳಿ, 1962ರ ಜನವರಿಯಲ್ಲಿ ಫಲಿತಾಂಶ ಹಾಕಿತು. ಬೀಟಲ್ಸ್ ಮೊದಲು. ರೋರಿ ಸ್ಟಾರ್ಮ್ ಅನ್ನೋ ಹಾಡುಗಾರನ ಗುಂಪಿಗೆ ಒಂದೇ ಹಸಿರು ಶಾಯಿಯಲ್ಲಿ ಬರೆದ ಕಂತೆ ಕಂತೆ ಚೀಟಿ ಬಂದಿದ್ದವು, ಅವನ್ನೆಲ್ಲ ತಳ್ಳಿಹಾಕಿದರು. ಗುಂಪು ನಾಲ್ಕನೇ ಸ್ಥಾನಕ್ಕೆ ಇಳಿಯಿತು. ನಮ್ಮ ಆರ್ಕೆಸ್ಟ್ರಾದವರು ಕಳ್ಳಮತ ಹಾಕೋಣ ಅಂದರೂ ಅಂಥದ್ದೊಂದು ಪೇಪರ್ ಮೊದಲು ಬೇಕಲ್ವಾ!